ಯಾರ ಹೊಟ್ಟೆ ಬಟ್ಟೆ ಕಟ್ಟಿ?

ಬೆಂಗಳೂರಿನಲ್ಲಿ ಹೊಸ ಸನ್ಯಾಸ ಶುರುವಾಗಿದೆ. ಕಾವಿ ಇಲ್ಲ, ಕಮಂಡಲ ಇಲ್ಲ. ಎಕ್ಸೆಲ್ ಶೀಟ್ ಇದೆ. ಗಂಡನಿಗೆ ನಲವತ್ತೆರಡು, ಹೆಂಡತಿಗೆ ಮೂವತ್ತೊಂಬತ್ತು. ಇಬ್ಬರೂ ಸಾಫ್ಟ್‌ವೇರ್. ಇಬ್ಬರೂ ರಾಜೀನಾಮೆ ಕೊಟ್ಟಾಯಿತು. ಇನ್ನು ಮುಂದೆ ಸರಳ ಜೀವನವಂತೆ.

ಕೆಲಸ ಬಿಟ್ಟಿದ್ದಕ್ಕೆ ನಾನು ಬೈಯುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ಮಾತು ಹೊರಬಿತ್ತು. ಅವರು ಅದನ್ನು 90ಕ್ಕೆ ಏರಿಸಿದ್ದರು. ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದ್ದರು. ಇಂಥ ಯಜಮಾನರಿದ್ದರೆ ಓಡಿಹೋಗದೆ ಇನ್ನೇನು ಮಾಡುತ್ತಾರೆ? ಓಡಲಿ. ನನ್ನ ತಕರಾರು ಓಟದ್ದಲ್ಲ. ಓಡಿದ ಮೇಲೆ ಕೊಡುವ ಪ್ರವಚನದ್ದು.

"ನಾವು ತಿಂಗಳಿಗೆ ಐವತ್ತೇ ಸಾವಿರದಲ್ಲಿ ಬದುಕುತ್ತೇವೆ. ಮನಸ್ಸು ಮಾಡಿದರೆ ಯಾರು ಬೇಕಾದರೂ ಬದುಕಬಹುದು."

ಐವತ್ತೇ! ಅದರ ಮೂರನೇ ಒಂದು ಪಾಲಿನಲ್ಲಿ ಬಾಡಿಗೆಯನ್ನೂ ಕಟ್ಟಿ, ಮಕ್ಕಳನ್ನೂ ಓದಿಸಿ, ಊರಿಗೂ ಕಳಿಸುವವರು ಇದೇ ನಗರದ ಗಲ್ಲಿಗಲ್ಲಿಯಲ್ಲಿದ್ದಾರೆ. ಅವರನ್ನು ಯಾರೂ ಮಿತವ್ಯಯಿ ಎಂದು ಹೊಗಳುವುದಿಲ್ಲ. ದುಡ್ಡಿದ್ದು ಖರ್ಚು ಮಾಡದಿದ್ದರೆ ಅದು ತತ್ವ. ದುಡ್ಡಿಲ್ಲದೆ ಮಾಡದಿದ್ದರೆ ಹಣೆಬರಹ.

ಆ ಐವತ್ತು ಸಾವಿರದೊಳಗೆ ಏನೇನಿಲ್ಲ ಎಂದೂ ನೋಡಿ. ಬಾಡಿಗೆ ಇಲ್ಲ, ಮನೆ ಮಾವ ಕಟ್ಟಿಸಿದ್ದು. ಅಕ್ಕಿ, ಕಾಯಿ ಊರಿಂದ ಬರುತ್ತದೆ. ಅಮ್ಮನ ಔಷಧಿ ಅಪ್ಪನ ಪಿಂಚಣಿಯಲ್ಲಿ ಆಗುತ್ತದೆ. ಅಪ್ಪ ಸರ್ವೀಸಿನ ಕೊನೇ ದಿನದವರೆಗೆ ಬಸ್ಸು ಹಿಡಿದು ಕಚೇರಿಗೆ ಹೋದದ್ದರಿಂದಲೇ ಮಗ ನಡುವಯಸ್ಸಿಗೆ ನಿವೃತ್ತನಾದ. ಶೀಟಿನಲ್ಲಿ ಅಪ್ಪನಿಗೊಂದು ಕಾಲಂ ಇಲ್ಲ.

ಇನ್ನು ಅವರ ಮಹಾಮಂತ್ರ. ವರ್ಷದ ಖರ್ಚಿನ 25 ಪಟ್ಟು ಕೂಡಿಡು, ವರ್ಷಕ್ಕೆ ಶೇ 4ರಷ್ಟು ತೆಗೆದು ತಿನ್ನು. ತಿಂಗಳಿಗೆ ಐವತ್ತು ಸಾವಿರವೆಂದರೆ ಒಂದೂವರೆ ಕೋಟಿ ಗಂಟು. ಈ ಲೆಕ್ಕ ಎಲ್ಲಿಯದು? ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಹಾಕಿದ್ದು. ಅಮೆರಿಕದ ಷೇರು, ಅಮೆರಿಕದ ಬಾಂಡು, 30 ವರ್ಷದ ನಿವೃತ್ತಿ. ನಮ್ಮವರು ಅದನ್ನು ಬೆಂಗಳೂರಿನ ಆಸ್ಪತ್ರೆ ಬಿಲ್ಲಿಗೂ ಶಾಲೆಯ ಶುಲ್ಕಕ್ಕೂ ಐವತ್ತು ವರ್ಷದ ಆಯುಸ್ಸಿಗೂ ಹೊಂದಿಸಿದ್ದಾರೆ.

ಹಣದುಬ್ಬರ ಶೇ 6 ಎಂದು ಹಿಡಿಯಿರಿ. ಇವತ್ತಿನ ಐವತ್ತು ಸಾವಿರ ಹನ್ನೆರಡು ವರ್ಷಕ್ಕೆ ಒಂದು ಲಕ್ಷ, ಇಪ್ಪತ್ನಾಲ್ಕು ವರ್ಷಕ್ಕೆ ಎರಡು ಲಕ್ಷ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ, ಅದೇ ತಪ್ಪಾಯಿತು.

ಕುಡಿಕೆ ಸಾಲುವುದಿಲ್ಲ ಎಂಬ ಭಯ ದಂಪತಿಗೂ ಇದೆ. ಆ ಭಯ ಯಾರ ಮೇಲೆ ತೀರುತ್ತದೆ? ಮ್ಯೂಚುವಲ್ ಫಂಡ್ ಕಂಪನಿಯ ಮೇಲಲ್ಲ. ಅದು ಕಮಿಷನ್ ಮುರಿದುಕೊಂಡೇ ಕೊಡುತ್ತದೆ. ಆಸ್ಪತ್ರೆಯ ಮೇಲೂ ಅಲ್ಲ. ಅಲ್ಲಿ ಕಾರ್ಡ್ ಉಜ್ಜಿ ಥ್ಯಾಂಕ್ಸ್ ಹೇಳಿ ಬರುತ್ತಾರೆ. ಸೊಪ್ಪಿನ ಗಾಡಿಯವಳು ಸಿಗುತ್ತಾಳೆ. ಕೊತ್ತಂಬರಿ ಕಟ್ಟಿಗೆ ಹದಿನೈದು ಎಂದರೆ ಹತ್ತಕ್ಕೆ ಕೊಡು, ಜೊತೆಗೆ ಕರಿಬೇವು ಹಾಕು. ಉಳಿದ ಐದು ರೂಪಾಯಿಗೆ ಇವರು ಆರ್ಥಿಕ ಸ್ವಾತಂತ್ರ್ಯ ಎನ್ನುತ್ತಾರೆ.

ಮನೆಗೆಲಸದವಳು ಸಿಗುತ್ತಾಳೆ.

"ಅಕ್ಕಾ, ಎರಡು ವರ್ಷ ಆಯ್ತು, ಐನೂರು ಜಾಸ್ತಿ ಮಾಡಿ."

"ನಾವೇ ಈಗ ಕೆಲಸ ಬಿಟ್ಟಿದ್ದೀವಲ್ಲಮ್ಮಾ!"

ಕೋಟಿ ಮೇಲೆ ಕೂತವರ ಬಡತನ ಇದು. ಮನೆಗೆಲಸದವರಿಗೂ ಕನಿಷ್ಠ ಕೂಲಿ ಉಂಟು ಎಂದು ಕರ್ನಾಟಕ 2004ರಲ್ಲೇ ಹೇಳಿತ್ತು. ಷೇರು ಮಾರುಕಟ್ಟೆಯ ನಿಯಮಗಳೆಲ್ಲ ಬಾಯಿಪಾಠ ಇರುವವರಿಗೆ ಈ ಒಂದು ನಿಯಮ ಮಾತ್ರ ಕಿವಿಗೆ ಬಿದ್ದೇ ಇಲ್ಲ.

ಕೆಲವರು ಇನ್ನೂ ಆದರ್ಶವಾದಿಗಳು. ಕೆಲಸದವಳನ್ನೇ ಬಿಡಿಸುತ್ತಾರೆ. ನಮ್ಮ ಕೆಲಸ ನಾವೇ ಮಾಡಿಕೊಳ್ಳುತ್ತೇವೆ ಎನ್ನುತ್ತಾರೆ. ಈ 'ನಾವು' ಯಾರು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಉತ್ತರ ಕೊಟ್ಟಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ದುಡಿಯುತ್ತಾರೆ, ಗಂಡಸರು 88 ನಿಮಿಷ. ಗಂಡ ನಿವೃತ್ತನಾದ. ಹೆಂಡತಿಗೆ ವರ್ಗಾವಣೆಯಾಯಿತು, ಆಫೀಸಿನಿಂದ ಅಡುಗೆಮನೆಗೆ. ಮೊದಲು ಹೋಟೆಲ್ಲಿನಿಂದ ಊಟ ಬರುತ್ತಿತ್ತು. ಈಗ ಮಿತವ್ಯಯ, ಆದ್ದರಿಂದ ದೋಸೆಹಿಟ್ಟೂ ಮನೆಯಲ್ಲೇ, ಸಾರಿನ ಪುಡಿಯೂ ಮನೆಯಲ್ಲೇ. ಮೂರು ಹೊತ್ತೂ ಮನೆಯಲ್ಲೇ ಇರುವ ಗಂಡನಿಗೆ ನಾಲ್ಕು ಹೊತ್ತು ಕಾಫಿ. ಹೆಂಡತಿ ಗಂಡನ ಮುಖ ಎಷ್ಟು ಹೊತ್ತು ನೋಡಬೇಕು ಎಂದು ಮಾತ್ರ ಯಾವ ಅಧ್ಯಕ್ಷರೂ ಕೇಳಲಿಲ್ಲ.

ವರ್ಷ ಕಳೆಯುವುದರೊಳಗೆ ಬೇಸರ ಹತ್ತುತ್ತದೆ. ಆಗ ಸಕಲೇಶಪುರದ ಕಡೆ ಎರಡು ಎಕರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ಕೃಷಿಕನಲ್ಲದವನಿಗೂ ಹೊಲದ ಬಾಗಿಲು ತೆರೆಯಿತು. ಸಾಲ ತೀರಿಸಲು ಜಮೀನು ಮಾರಿದವನ ಮಗ ಬೆಂಗಳೂರಿಗೆ ಬಂದು ಮಳೆಯಲ್ಲಿ ಊಟದ ಡಬ್ಬ ಹಂಚುತ್ತಾನೆ. ಕೊಂಡವರು ಅಲ್ಲಿ ಕೂತು ಮಳೆಯ ಫೋಟೊ ಹಾಕುತ್ತಾರೆ. ಮಣ್ಣಿಗೆ ಮರಳಿದೆವು ಎಂದು ಬರೆಯುತ್ತಾರೆ. ಮರಳಲು ಮೊದಲು ಅಲ್ಲಿದ್ದಿರಾ?

ಆಮೇಲೆ ಕಾರ್ಯಾಗಾರ. ವಿಷಯ: ಖರ್ಚಿಲ್ಲದೆ ಬದುಕುವುದು ಹೇಗೆ. ಶುಲ್ಕ: 4,999 ರೂಪಾಯಿ. ಊಟ ಪ್ರತ್ಯೇಕ. ನಿವೃತ್ತಿಯ ಬಗ್ಗೆ ಪಾಠ ಹೇಳುವುದೇ ಪೂರ್ಣಾವಧಿ ಉದ್ಯೋಗ. ಅದರ ವರಮಾನದಲ್ಲೇ ಸಂಸಾರ. ಒಂದೂವರೆ ಕೋಟಿಯ ಗಂಟನ್ನು ಇನ್ನೂ ಬಿಚ್ಚಿಲ್ಲ.

ಆ ಕಾರ್ಯಾಗಾರದ ಸ್ಲೈಡಿನಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಬರುತ್ತಾರೆ. ಹನ್ನೆರಡನೇ ಶತಮಾನದ ಕಲ್ಯಾಣದ ಸರಳ ದಂಪತಿ ಎಂದು ಪರಿಚಯ. ಸ್ಲೈಡಿನಲ್ಲಿ ಪೂರ್ತಿ ಕತೆ ಇರುವುದಿಲ್ಲ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದವರು ಅವರು. ಒಮ್ಮೆ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬನ್ನಿ ಎಂದು ಕಳಿಸಿದರು. 25 ಪಟ್ಟಿನ ಮಾತೇ ಇಲ್ಲ. ಆ ದಿನಕ್ಕಿಂತ ಹೆಚ್ಚಾದರೆ ವಾಪಸ್. ಕಾಯಕವನ್ನಂತೂ ಇಬ್ಬರೂ ಬಿಡಲಿಲ್ಲ.

ಇತ್ತ ಪೀಣ್ಯದ ಕಾರ್ಖಾನೆಯಲ್ಲಿ ಜೀವ ತೇಯ್ದವರೂ ಹೆಂಡತಿಯೊಂದಿಗೆ ಮಿತವ್ಯಯದಲ್ಲೇ ಇದ್ದಾರೆ. ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ಹತ್ತು ವರ್ಷ ಕಳೆದರೂ ಅದು 1,000ವೇ. ಹಣದುಬ್ಬರ ಇವರ ಬೀದಿಗೆ ಬರುವುದೇ ಇಲ್ಲ ಎಂದು ಸರ್ಕಾರ ನಂಬಿದಂತಿದೆ. ಇವರನ್ನು ಯಾರೂ ಕಾರ್ಯಾಗಾರಕ್ಕೆ ಕರೆಯುವುದಿಲ್ಲ. ಕಲಿಸಲು ನಿಜಕ್ಕೂ ಗೊತ್ತಿರುವುದು ಇವರಿಗೇ.

ನಿವೃತ್ತರಾಗಿ ಸ್ವಾಮಿ, ಬೇಡ ಎಂದವರಾರು. ಶೀಟಿನಲ್ಲಿ ಮಾತ್ರ ಎರಡು ಸಾಲು ತಿದ್ದಿ. ನಿಮ್ಮ ಖರ್ಚಿನ ಮುಂದೆ ವರ್ಷಾ ವರ್ಷ ಏರಿಸಿಕೊಂಡ ಶೇ 6ನ್ನು ಕೆಲಸದವಳ ಸಂಬಳದ ಮುಂದೆಯೂ ಹಾಕಿ. ಹೆಂಡತಿಯ 289 ನಿಮಿಷದಲ್ಲಿ ಅರ್ಧ ನಿಮ್ಮ ಹೆಸರಿಗೆ ಬರೆದುಕೊಳ್ಳಿ. ಆಗಲೂ ಲೆಕ್ಕ ಕೂಡಿದರೆ ನಾನೇ ಬಂದು ಹಾರ ಹಾಕುತ್ತೇನೆ. ಕೂಡದಿದ್ದರೆ ಪ್ರವಚನ ನಿಲ್ಲಿಸಿ, ಸೋಮವಾರ ಆಫೀಸಿಗೆ ಹೊರಡಿ.