ತೇವ ಕಳೆದ ತೂಕ

ಸುಗ್ಗಿಯಲ್ಲಿ ದಾವಣಗೆರೆಯ ಎಪಿಎಂಸಿ ಅಂಗಳಕ್ಕೆ ಹೋದವರಿಗೆ ತೂಕದ ವಿಷಯ ಎಷ್ಟು ಗಂಭೀರವಾದದ್ದೆಂದು ಗೊತ್ತು. ಮೆಕ್ಕೆಜೋಳ ತಂದ ರೈತನಿಗೆ ತಕ್ಕಡಿ ಜಗ್ಗಬೇಕು. ಕೊಳ್ಳುವವನು ಒಂದು ಹಿಡಿ ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು, ‘ಹಸಿ ಐತಿ’ ಎಂದು ಮುಖ ತಿರುಗಿಸುತ್ತಾನೆ. ಬೆಂಬಲ ಬೆಲೆಗೆ ಕೊಡುವ ಕಾಳಿನಲ್ಲಿ ತೇವ ಶೇ 14 ದಾಟುವಂತಿಲ್ಲ. ಹೀಗಾಗಿ ಈ ಸೀಮೆಯ ಎಷ್ಟೋ ಡಾಂಬರು ರಸ್ತೆಗಳ ಒಂದು ಮಗ್ಗುಲು ವಾಹನಕ್ಕೆ, ಇನ್ನೊಂದು ಮಗ್ಗುಲು ಒಣಗುವ ಮೆಕ್ಕೆಜೋಳಕ್ಕೆ.

ಟೂರ್ನಿ ಹತ್ತಿರ ಬಂತೆಂದರೆ ಇದೇ ಊರಿನ ಕುಸ್ತಿ ಹುಡುಗರೂ ಒಣಗಲು ನಿಲ್ಲುತ್ತಾರೆ.

ಬಿಸಿಲು ಮೂವತ್ತೆಂಟು ಡಿಗ್ರಿ ಇರುವಾಗ ಮೈಮೇಲೆ ಎರಡು ಸ್ವೆಟರ್, ಅದರ ಮೇಲೊಂದು ಜರ್ಕಿನ್, ತಲೆಗೆ ಉಲನ್ ಟೋಪಿ ಹಾಕಿಕೊಂಡು ಓಡುವವನನ್ನು ಕಂಡರೆ ಹೊಸಬರು ಚಳಿಜ್ವರವೆಂದು ತಿಳಿದಾರು. ಬಲ್ಲವರು ಕೇಳುವ ಪ್ರಶ್ನೆಯೇ ಬೇರೆ: ‘ಇನ್ನ ಎಷ್ಟ್ ಐತಲೇ?’ ಅವನ ಉತ್ತರ ಕಿಲೋಮೀಟರಿನಲ್ಲಿರುವುದಿಲ್ಲ. ‘ಏಳ್ನೂರು’ ಅನ್ನುತ್ತಾನೆ, ತನ್ನ ತೂಕದ ವಿಭಾಗಕ್ಕೆ ಇಳಿಯಲು ಬಾಕಿಯಿರುವ ಗ್ರಾಂ ಲೆಕ್ಕದಲ್ಲಿ. ಬಾಯಿ ಒಣಗಿರುವುದರಿಂದ ಅದಕ್ಕಿಂತ ಹೆಚ್ಚು ಮಾತೂ ಹೊರಡುವುದಿಲ್ಲ. ಇದ್ದಬದ್ದ ಉಗುಳನ್ನೂ ಅವನು ಉಗುಳಿಯಾಗಿರುತ್ತದೆ, ಅದಕ್ಕೂ ತೂಕವುಂಟಷ್ಟೆ.

ಇದು ಕರಗುವ ಕೊಬ್ಬಲ್ಲ, ಇಳಿಯುವ ನೀರು. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಖರ್ಚಾಗಬೇಕು, ಅದು ವಾರಗಟ್ಟಲೆಯ ಕೆಲಸ. ಒಂದು ಲೀಟರ್ ಬೆವರು ಸುರಿದರೆ ಮಾತ್ರ ಒಂದು ಕೆ.ಜಿ. ಆ ಹೊತ್ತಿಗೇ ಇಳಿದಂತೆ. ಉಪ್ಪು ಬಿಟ್ಟರೆ ಮತ್ತಷ್ಟು ನೀರು ಹೋಗುತ್ತದೆ. ಅನ್ನ ಬಿಟ್ಟರೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗಿ, ಪ್ರತಿ ಗ್ರಾಮಿಗೆ ಮೂರು ಗ್ರಾಂನಷ್ಟು ನೀರನ್ನೂ ಜೊತೆಗೆ ಕರೆದೊಯ್ಯುತ್ತದೆ. ತಕ್ಕಡಿಗೆ ಈ ಒಳಗುಟ್ಟು ತಿಳಿಯದು. ಕಾಳು ಕಡಿದು ನೋಡುವ ವ್ಯಾಪಾರಿಯ ಹಲ್ಲು ಅದಕ್ಕಿಲ್ಲ.

ಒಣಗುವುದಕ್ಕೆ ದಾವಣಗೆರೆಯಷ್ಟು ಅನನುಕೂಲದ ಊರು ಮತ್ತೊಂದಿರಲಾರದು. ಓಡುವ ದಾರಿಯ ತಿರುವಿನಲ್ಲೇ ಹೆಂಚಿನ ಮೇಲೆ ಬೆಣ್ಣೆ ಸುರ್ ಎನ್ನುತ್ತಿರುತ್ತದೆ. ಅದನ್ನು ದಾಟಿದರೆ ಮಂಡಕ್ಕಿ, ಪಕ್ಕದಲ್ಲೇ ಎಣ್ಣೆಯಿಂದ ಆಗತಾನೆ ಎದ್ದ ಮೆಣಸಿನಕಾಯಿ. ಇನ್ನು ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ನೆಂಟರನ್ನು ಕರೆದು ಬಾಡೂಟ ಬಡಿಸದ ಮನೆಯವರು ವರ್ಷವಿಡೀ ಮಾತು ಕೇಳಬೇಕಾಗುತ್ತದೆ. ‘ನನ್ನ ವೇಟ್ ಐತಿ, ಉಣ್ಣಂಗಿಲ್ಲ’ ಎಂದರೆ ಸೋದರತ್ತೆಗೆ ಅರ್ಥವಾಗುವ ಮಾತೇ ಅದು?

ತಮಾಷೆಯೆಂದರೆ ಅದೇ ಜಾತ್ರೆಯ ಬಯಲು ಕುಸ್ತಿಗೆ ಇಷ್ಟೆಲ್ಲ ಪಾಡು ಬೇಕಿರಲಿಲ್ಲ. ಮಣ್ಣಿನ ಕಣದಲ್ಲಿ ಹಿಂದಿನಿಂದಲೂ ಜೋಡಿ ಕಟ್ಟಿದ್ದು ಹಿರಿಯರ ಕಣ್ಣಳತೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಭುಜ ನೋಡಿ, ತೊಡೆ ನೋಡಿ, ‘ಆಗ್ತದ, ಹಿಡೀರಿ’ ಎಂದರೆ ಮುಗಿಯಿತು. ಒಪ್ಪದವರು ಕೂಗಾಡುತ್ತಿದ್ದರು, ಹಲಗೆಯ ಸದ್ದಿನಲ್ಲಿ ಆ ಕೂಗು ಮುಳುಗುತ್ತಿತ್ತು. ಗರಡಿಮನೆಯ ಉಸ್ತಾದರು ಶಿಷ್ಯನಿಗೆ ಹಾಲು, ಬಾದಾಮಿ, ತುಪ್ಪ ಹಾಕಿ ಬೆಳೆಸಿದ್ದು ತೂಕ ಹೆಚ್ಚಲೆಂದೇ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಂತೂ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯೊಳಗೆ ಇಬ್ಬರು ದೇವರು ಒಂದೇ ಮೈಯಲ್ಲಿ ನಿಂತಿದ್ದಾರೆ. ಹರಿಹರೇಶ್ವರನನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂದು ಮ್ಯಾಟ್ ಕುಸ್ತಿಯ ಅಧಿಕಾರಿಗಳು ತಲೆ ಕೆರೆದುಕೊಳ್ಳಬೇಕಾದೀತು.

ಮ್ಯಾಟಿಗೆ ಬಂದರೆ ಕಣ್ಣಳತೆ ನಡೆಯದು. ಅಂತರರಾಷ್ಟ್ರೀಯ ನಿಯಮದಂತೆ ಪಂದ್ಯದ ದಿನ ಬೆಳಿಗ್ಗೆಯೇ ತೂಕ, ಪದಕದ ಪಂದ್ಯ ಮರುದಿನವಿದ್ದರೆ ಮತ್ತೊಮ್ಮೆ ತೂಕ. ಮೊದಲ ದಿನ ಅದಕ್ಕೆ ಅರ್ಧ ಗಂಟೆ, ಎರಡನೆಯ ದಿನ ಹದಿನೈದೇ ನಿಮಿಷ. ಹಿಂದೆ ಮುನ್ನಾದಿನವೇ ತೂಗುತ್ತಿದ್ದರು; ಒಣಗಿದವನು ರಾತ್ರಿಯೆಲ್ಲ ಉಂಡು ಕುಡಿದು ಬೆಳಿಗ್ಗೆ ಬೇರೆಯೇ ಆಳಾಗಿ ಬರುತ್ತಿದ್ದ. ಅದನ್ನು ತಪ್ಪಿಸಲು ಬಂದ ಹೊಸ ನಿಯಮಕ್ಕೆ ಬೆಲೆ ತೆತ್ತವರಲ್ಲಿ ನಮಗೆಲ್ಲ ಗೊತ್ತಿರುವ ಹೆಸರು ವಿನೇಶ್ ಫೋಗಟ್. 2024ರ ಒಲಿಂಪಿಕ್ಸ್ ವೇಳೆ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ ಅವರು ಜಪಾನಿನ ಯುಯಿ ಸುಸಾಕಿ ಸೇರಿ ಮೂವರನ್ನು ಸೋಲಿಸಿ ಫೈನಲ್ ತಲುಪಿದರು. ಸೆಣಸಲು ಶಕ್ತಿ ಬೇಕಲ್ಲ, ನಡುವೆ ಒಂದಿಷ್ಟು ತಿಂದು ಕುಡಿದದ್ದರಿಂದ ಸಂಜೆಗೆ ತೂಕ 50 ಕೆ.ಜಿ. ಮೀರಿ 2.7 ಕೆ.ಜಿ. ಹೆಚ್ಚಾಗಿತ್ತು. ರಾತ್ರಿಯೆಲ್ಲ ಓಟ, ಸೌನಾ. ಕೂದಲು ಕತ್ತರಿಸಿದರು, ಉಡುಪನ್ನೂ ಮೊಟಕು ಮಾಡಿದರು. ಬೆಳಿಗ್ಗೆ ತಕ್ಕಡಿ 100 ಗ್ರಾಂ ಹೆಚ್ಚು ತೋರಿಸಿತು. ಬೆಳ್ಳಿಯೂ ಉಳಿಯಲಿಲ್ಲ, ನಿಯಮದ ಪ್ರಕಾರ ಹೆಸರು ಪಟ್ಟಿಯ ತಳಕ್ಕೆ ಹೋಯಿತು. ಅದೇ ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್ ಸೆಮಿಫೈನಲ್ ಸೋತ ಮೇಲೆ ಹತ್ತು ಗಂಟೆಯಲ್ಲಿ 4.6 ಕೆ.ಜಿ. ಇಳಿಸಿ, 57ರ ವಿಭಾಗದಲ್ಲಿ 56.9 ತೂಗಿ, ಕಂಚು ಗೆದ್ದರು. 2018ರಲ್ಲಿ ಪೋಲೆಂಡಿಗೆ ಬೆಳಗಿನ ಜಾವ ಬಂದಿಳಿದ ಬಾಕ್ಸರ್ ಮೇರಿ ಕೋಮ್ ನಾಲ್ಕು ಗಂಟೆಯೊಳಗೆ ಎರಡು ಕೆ.ಜಿ. ಇಳಿಸಿ ಚಿನ್ನ ಗೆದ್ದದ್ದು ಹಗ್ಗದಾಟದ ಬಲದಿಂದ. ಒಂದು ಗಂಟೆ ನಿಲ್ಲಿಸದೆ ಸ್ಕಿಪ್ಪಿಂಗ್ ಮಾಡಿದ್ದರು.

ಇಂಥ ಸುದ್ದಿ ಓದಿದ ಹುಡುಗರಿಗೆ ಹುರುಪು ಬರುವುದು ಸಹಜ. ಆದರೆ 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಆರು ವಾರದೊಳಗೆ ಹೀಗೆಯೇ ಒಣಗುತ್ತ ಪ್ರಾಣ ಬಿಟ್ಟರು. ಅಲ್ಲಿ ರಬ್ಬರ್ ಸೂಟು, ಸೌನಾಗಳನ್ನು ನಿಷೇಧಿಸಿದ್ದು ಆ ಬಳಿಕ. ಮೂತ್ರ ಇಳಿಸುವ ಮಾತ್ರೆಗಳಂತೂ ಉದ್ದೀಪನ ಮದ್ದುಗಳ ನಿಷೇಧ ಪಟ್ಟಿಯಲ್ಲೇ ಇವೆ. ಸುರಕ್ಷಿತವೆಂದು ಯಾರೂ ಅನ್ನಲಾರದ ಈ ಕಸರತ್ತಿನಿಂದ ಲಾಭವಾದರೂ ಯಾರಿಗೆ? ಸಮಬಲದವರು ಸೆಣಸಲಿ ಎಂದು ತೂಕದ ವಿಭಾಗ ಮಾಡಿದರು. ಎಲ್ಲರೂ ಒಂದು ಮೆಟ್ಟಿಲು ಕೆಳಗಿಳಿದು ನಿಂತರು. ಈಗ ಒಣಗಿದವನಿಗೆ ಒಣಗಿದವನೇ ಎದುರಾಳಿ. ಇಬ್ಬರೂ ನೀರು ಕುಡಿದಿದ್ದರೂ ಜೋಡಿ ಅದೇ ಆಗುತ್ತಿತ್ತು.

ತೂಕ ಏರಿಸುವವರ ಕಥೆಯೂ ಇದೆ. ಸೇನಾ ಭರ್ತಿ ರ‍್ಯಾಲಿಯ ಸಾಲಿನಲ್ಲಿ ಕನಿಷ್ಠ ತೂಕ ಮುಟ್ಟದ ತರುಣರು ಬಾಳೆಹಣ್ಣು ನುಂಗಿ, ಬಾಟಲಿಗಟ್ಟಲೆ ನೀರು ಕುಡಿದು, ತಮ್ಮ ಸರದಿ ಬರುವ ತನಕ ಮೂತ್ರ ತಡೆದು ನಿಲ್ಲುತ್ತಾರೆ. ರಾಜಕಾರಣಿಗಳ ತುಲಾಭಾರದಲ್ಲಿ ತಕ್ಕಡಿ ಎಷ್ಟು ಜಗ್ಗಿದರೆ ಅಷ್ಟು ಚಪ್ಪಾಳೆ. ಹಿಂದಿನ ರಾತ್ರಿ ಊಟ ಬಿಡಿ ಎಂದು ಅವರಿಗೆ ಯಾವ ಕೋಚೂ ಹೇಳುವುದಿಲ್ಲ.

ದಾವಣಗೆರೆಯ ಕ್ರೀಡಾ ವಸತಿ ನಿಲಯದಲ್ಲಿ ಪಳಗಿದ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿಯ ಉದಾಹರಣೆ ಇನ್ನೂ ವಿಚಿತ್ರ. 2020ರ ಫೆಬ್ರುವರಿಯಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ-ರೋಮನ್ 55 ಕೆ.ಜಿ. ವಿಭಾಗದ ಕಂಚು ಅವರಿಗೆ ಬಂತು. ಒಲಿಂಪಿಕ್ಸ್‌ನಲ್ಲಿ ಗ್ರೀಕೊ-ರೋಮನ್ ಪಟ್ಟಿ ಆರಂಭವಾಗುವುದೇ 60ರಿಂದ. ಹಾಗಾಗಿ 55ರ ಪೈಲ್ವಾನನಿಗೆ ಒಲಿಂಪಿಕ್ಸ್ ಆಸೆಯಿದ್ದರೆ ಐದು ಕೆ.ಜಿ. ಏರಿಸಬೇಕು, ಅದು ಬೆಣ್ಣೆಯಿಂದ ಬಂದ ಐದು ಆದರೆ ಸಾಲದು, ಕಸುವಿನ ಐದಾಗಬೇಕು. ಅಷ್ಟೆಲ್ಲ ದುಡಿದು ಅರವತ್ತಾಗಿ ಮ್ಯಾಟಿಗಿಳಿದರೆ, ಎದುರಿಗೆ ನಿಲ್ಲುವವನು ಹೋದ ವಾರದ ತನಕ ಅರವತ್ತನಾಲ್ಕು ತೂಗುತ್ತಿದ್ದು, ಸ್ವೆಟರ್ ಹಾಕಿಕೊಂಡು ಓಡಿ ಬಂದಿರುತ್ತಾನೆ.