ಯೂತಿಖನ ಸಂತತಿಗೊಂದು ಉಪಕಾರ

ಪ್ರಸಂಗದ ನಡುವೆ ತೂಕಡಿಸುವುದು ಹೊಸ ಪಾಪವೇನಲ್ಲ. ಪೌಲ ನಡುರಾತ್ರಿಯವರೆಗೂ ಮಾತು ಬೆಳೆಸಿದಾಗ, ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಯುವಕ ನಿದ್ದೆಹೋಗಿ ಮೂರನೆಯ ಅಂತಸ್ತಿನಿಂದ ಉರುಳಿಬಿದ್ದನೆಂದು ಬೈಬಲಿನ ಅಪೊಸ್ತಲರ ಕೃತ್ಯಗಳೇ ಹೇಳುತ್ತವೆ. ಹುಡುಗ ಬದುಕಿಕೊಂಡ, ನಿಜ; ತಪ್ಪಿಹೋದ ಭಾಗವನ್ನು ಮತ್ತೆ ಕೇಳಲು ಮಾತ್ರ ಆಗ ದಾರಿಯಿರಲಿಲ್ಲ. ಇಂದು ಪ್ರಸಂಗವನ್ನು ಧ್ವನಿಮುದ್ರಿಸಿ ವಾಟ್ಸಾಪಿಗೋ ಯೂಟ್ಯೂಬಿಗೋ ಹಾಕುವ ಚರ್ಚುಗಳು ಅವನ ಸಂತತಿಗೆ ಮಾಡುತ್ತಿರುವ ಉಪಕಾರ ಸಣ್ಣದಲ್ಲ.

ಹೀಗಾದರೆ ಚರ್ಚಿಗೆ ಬರುವವರಾರು ಎಂಬ ಆಕ್ಷೇಪವುಂಟು. ಲಂಡನ್ನಿನ ಬೋಧಕ ಸ್ಪರ್ಜನ್ನರ ಪ್ರಸಂಗಗಳು 1855ರಿಂದ ವಾರವಾರವೂ ಅಚ್ಚಾಗಿ ಅಗ್ಗಕ್ಕೆ ಮಾರಾಟವಾದವು. ಆದರೂ ಬಂದ ಜನರಿಗೆ ಜಾಗ ಸಾಲದೆ 1861ರಲ್ಲಿ ಸಾವಿರಾರು ಆಸನಗಳ ಹೊಸ ಆಲಯವನ್ನೇ ತೆರೆಯಬೇಕಾಯಿತು. 1921ರ ಜನವರಿಯಲ್ಲಿ ಪಿಟ್ಸ್‌ಬರ್ಗಿನ ಚರ್ಚೊಂದರ ಆರಾಧನೆ ರೇಡಿಯೊದಲ್ಲಿ ಬಂತು. ಅದರಿಂದ ಬೆಂಚುಗಳೇನೂ ಸೌದೆಯಾಗಲಿಲ್ಲ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇನ್ನೂ ಡೌನ್‌ಲೋಡ್ ಆಗುವುದಿಲ್ಲವಲ್ಲ! ಹಳೆಯ ಪ್ರಸಂಗವನ್ನೇ ತಿರುವಿಹಾಕುವ ಬೋಧಕರು ಸಿಕ್ಕಿಬೀಳುತ್ತಾರೆಂಬುದು ಇನ್ನೊಂದು ಅಳುಕು. ಸಭೆಗೆ ಅದು ಲಾಭವೇ. ಒಂದೇ ಷರತ್ತು: ರೋಗ, ಸಾಲ, ಮನೆಜಗಳಗಳ ಪ್ರಾರ್ಥನಾ ಬಿನ್ನಹಗಳಿಗೆ ಮುಂಚೆ ಮೈಕಿನ ಕಿವಿ ಮುಚ್ಚಬೇಕು. ಇನ್ನು ಮನೆಯಲ್ಲಿ ಕೇಳುತ್ತಲೇ ನಿದ್ದೆಹೋದರೆ? ಹೋಗಲಿ ಬಿಡಿ, ಮಂಚದಿಂದ ಬಿದ್ದರೆ ಪೆಟ್ಟು ಕಡಿಮೆ.