ನೋಡುವ ಮಾರಾಯ್ತಿ

ನಮ್ಮ ಕಾಲದ ಶ್ರೇಷ್ಠ ಪ್ರೇಮಿಯನ್ನು ದೂರ ಹುಡುಕಬೇಕಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಅವನಿದ್ದಾನೆ. ಐಸ್‌ಕ್ರೀಮು ತಿನ್ನಲಿಕ್ಕೆ, ಗಡಾಯಿಕಲ್ಲು ಹತ್ತಲಿಕ್ಕೆ, ಎಲ್ಲದಕ್ಕೂ ‘ಹೋಗುವ’ ಎನ್ನುತ್ತಾನೆ. ಮದುವೆಯ ಸುದ್ದಿ ಬಂದರೆ ಮಾತ್ರ ‘ನೋಡುವ ಮಾರಾಯ್ತಿ.’

ಅವನ ಪಂಚಾಂಗಜ್ಞಾನಕ್ಕೆ ಪುರೋಹಿತರೂ ತಲೆದೂಗಬೇಕು. ಆಟಿಯಲ್ಲಿ ಶುಭಕಾರ್ಯದ ಮಾತೇ ಸಲ್ಲದು. ಸೋಣದಲ್ಲಿ ಅಷ್ಟಮಿ, ಚೌತಿಯ ಗಡಿಬಿಡಿ. ನವರಾತ್ರಿಗೆ ಹುಲಿವೇಷ, ಕಾರ್ತಿಕಕ್ಕೆ ಧರ್ಮಸ್ಥಳದ ಲಕ್ಷದೀಪ, ಆಮೇಲೆ ಕಡಲಕೆರೆಯ ಕಂಬಳ, ಪೊಳಲಿಯ ಚೆಂಡು. ಏಪ್ರಿಲ್, ಮೇಯಲ್ಲಿ ಹಾಲ್ ಸಿಗುವುದಿಲ್ಲ. ಪತ್ತನಾಜೆಗೆ ಯಕ್ಷಗಾನದ ಮೇಳಗಳೇ ಗೆಜ್ಜೆ ಬಿಚ್ಚುವಾಗ ಇವನೊಬ್ಬ ಹೊಸ ಆಟ ಕಟ್ಟುವುದುಂಟೇ?

ಖರ್ಚಿನ ನೆಪ ಹೇಳುವಷ್ಟು ಸಣ್ಣವನೂ ಅಲ್ಲ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ, ಸೀರೆ, ಧೋತಿ, ತಾಳಿ, ಊಟ ಎಲ್ಲ ಕ್ಷೇತ್ರದ್ದೇ ಎಂದು ಅವನ ಹುಡುಗಿ ನೆನಪಿಸಿದಳು. ‘ಛೆ, ಗುಂಪಿನಲ್ಲಿ ಬೇಡ. ನಿನ್ನ ಮದುವೆ ಗಮ್ಮತ್ತಾಗಬೇಕು’ ಎಂದ. ಅವಳ ಮದುವೆಯ ಬಗ್ಗೆ ಅವನಿಗೆ ಅಷ್ಟು ಕನಸು!

ನಿಷ್ಠೆಯ ವಿಷಯದಲ್ಲಿ ಸಂಶಯವೇ ಬೇಡ. 1430ರ ಕಾಲದಿಂದ ನಿಂತಿರುವ ಸಾವಿರ ಕಂಬದ ಬಸದಿಯೆದುರು ಇಬ್ಬರೂ ತೆಗೆಸಿಕೊಂಡ ಫೋಟೋ ಅವನ ಸ್ಟೇಟಸ್‌ನಲ್ಲಿ 24 ಗಂಟೆ ಪೂರ್ತಿ ಇತ್ತು. ಮನೆಯವರಿಗೆ ಕಾಣದ ಹಾಗೆ ಮಾಡಿದ್ದು ಹಿರಿಯರ ಮೇಲಿನ ಗೌರವದಿಂದ.

ಪರಂಪರೆ ಬಿಟ್ಟವನು ಎಂದು ಅವನನ್ನು ಬೈಯುವವರಿಗೆ ತುಳುನಾಡಿನ ಚರಿತ್ರೆ ಗೊತ್ತಿಲ್ಲ. ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿಯಲ್ಲಿ ದಾಂಪತ್ಯವನ್ನು ಕಳಚಿಕೊಳ್ಳುವುದು ಸುಲಭವಿತ್ತು. ಅದು ಮದುವೆಯೇ ಅಲ್ಲವೆಂದು ಮದ್ರಾಸ್ ಹೈಕೋರ್ಟು 1883ರಲ್ಲಿ ತೀರ್ಪಿತ್ತದ್ದೂ ಉಂಟು. ಆಗ ಬಿಟ್ಟುಹೋಗುವ ಸ್ವಾತಂತ್ರ್ಯ ಹೆಣ್ಣಿಗೂ ಇತ್ತು. ಗಂಡ ಹೋದರೂ ತಾಯಿಮನೆ, ಆಸ್ತಿಯ ಹಕ್ಕು, ಮಕ್ಕಳಿಗೆ ಅವಳದೇ ಕುಲ ಉಳಿಯುತ್ತಿದ್ದವು. ಇಷ್ಟೆಲ್ಲ ಈಗಿನ ಕಾಲಕ್ಕೆ ಭಾರವೆಂದು ಕಂಡು, ನಮ್ಮವನು ಬಿಟ್ಟುಹೋಗುವ ಭಾಗವನ್ನಷ್ಟೇ ಉಳಿಸಿಕೊಂಡಿದ್ದಾನೆ. ಅಪ್ಪನ ಅಡಿಕೆ ತೋಟ ಮಾತ್ರ ಮಕ್ಕಳಕಟ್ಟಿನಂತೆ ತನಗೇ ಬರಬೇಕು ಎನ್ನುತ್ತಾನೆ. ಪರಂಪರೆಗಳಲ್ಲಿ ಅವನಿಗೆ ಭೇದಭಾವವಿಲ್ಲ.

ಅವಳದ್ದು ಒಂದೇ ಹಠ: ಹೌದೋ ಅಲ್ಲವೋ ಹೇಳು. ಇಷ್ಟು ಬಗೆಯ ಉತ್ತರ ಬಲ್ಲವನಿಂದ ಒಂದಕ್ಷರದ ಜವಾಬು ಕೇಳುವುದು ಪ್ರತಿಭೆಗೆ ಮಾಡುವ ಅಪಮಾನ.

ಶಾಲು ಹೊದೆಸಿಕೊಳ್ಳದವರೇ ಉಳಿಯದ ನಮ್ಮ ಜಿಲ್ಲೆಯಲ್ಲಿ ಇವನಿಗೊಂದು ಸನ್ಮಾನ ಆಗದಿರುವುದು ಅನ್ಯಾಯ. ಫಲಪುಷ್ಪ, ಸ್ಮರಣಿಕೆ, ಅಭಿನಂದನಾ ಪತ್ರ ಎಲ್ಲವೂ ಇರಲಿ. ಹಾರವನ್ನು ಮಾತ್ರ ಹೆಣ್ಣುಮಕ್ಕಳ ಕೈಯಿಂದ ಹಾಕಿಸಬೇಡಿ. ಗಾಬರಿಬಿದ್ದು ವೇದಿಕೆಯಿಂದಲೇ ಹಾರಿಯಾನು.